ಲಕ್ಷ ಹಾಡುಗಳ ಸಂಗ್ರಹಕ್ಕೆ ಎಂಥ ಪ್ಲೇಯರ್ ಬೇಕು?

2024ರ ಆಗಸ್ಟ್‌ನಲ್ಲಿ ಏರ್‌ಟೆಲ್ ತನ್ನ ವಿಂಕ್ ಮ್ಯೂಸಿಕ್ ಆ್ಯಪ್ ಮುಚ್ಚುವುದಾಗಿ ಹೇಳಿತು. ಅದೇ ವರ್ಷ ಜನವರಿ ಕೊನೆಗೆ ರೆಸ್ಸೊ ಎಂಬ ಇನ್ನೊಂದು ಸಂಗೀತ ಆ್ಯಪ್ ಭಾರತದಲ್ಲಿ ಬಾಗಿಲು ಹಾಕಿತ್ತು. ಅದಕ್ಕೂ ಮೊದಲು, 2023ರ ಮಾರ್ಚ್‌ನಲ್ಲಿ, ಝೀ ಮ್ಯೂಸಿಕ್ ಜತೆಗಿನ ಒಪ್ಪಂದದ ಅವಧಿ ಮುಗಿದು ಸ್ಪಾಟಿಫೈಯಿಂದ ಎಷ್ಟೋ ಜನಪ್ರಿಯ ಹಿಂದಿ ಹಾಡುಗಳು ಇದ್ದಕ್ಕಿದ್ದಂತೆ ಮಾಯವಾಗಿದ್ದವು. 2020ರಲ್ಲಿ ಗೂಗಲ್ ಪ್ಲೇ ಮ್ಯೂಸಿಕ್ ನಿಂತಾಗ, 50,000 ಹಾಡುಗಳವರೆಗೆ ಅಲ್ಲಿ ಏರಿಸಿಟ್ಟಿದ್ದವರು ಗಂಟುಮೂಟೆ ಕಟ್ಟಿ ಬೇರೆ ಕಡೆ ಹೋಗಬೇಕಾಯಿತು. ಇಂಥ ಸುದ್ದಿ ಬಂದಾಗಲೆಲ್ಲ ಒಂದಷ್ಟು ಜನ ಮತ್ತೆ ತಮ್ಮ ಹಾರ್ಡ್ ಡಿಸ್ಕ್ ಕಡೆ ತಿರುಗುತ್ತಾರೆ.

ಕರ್ನಾಟಕದಲ್ಲಿ ಹಾಗೆ ತಿರುಗಲು ಇನ್ನೂ ಬಲವಾದ ಕಾರಣವಿದೆ. ನಮ್ಮ ಮನೆಗಳಲ್ಲಿರುವ ಸಂಗೀತದ ದೊಡ್ಡ ಪಾಲು ಯಾವ ಸ್ಟ್ರೀಮಿಂಗ್ ಆ್ಯಪ್‌ನಲ್ಲೂ ಸಿಗುವುದಿಲ್ಲ. ಕ್ಯಾಸೆಟ್‌ನಿಂದ ಇಳಿಸಿಕೊಂಡ ಭಾವಗೀತೆ, ಊರಿನ ರಾಮನವಮಿ ಕಛೇರಿಯ ರೆಕಾರ್ಡಿಂಗ್, ನಾಲ್ಕೈದು ಗಂಟೆಯ ತಾಳಮದ್ದಳೆ, ರೇಡಿಯೋದಿಂದ ಹಿಡಿದ ವಚನ ಗಾಯನ, ಹರಿಕಥೆ, ಸೋಬಾನೆ ಪದ. ಇವುಗಳ ಜತೆಗೆ ಎರಡು ಸಾವಿರದ ದಶಕದ ಎಂಪಿ3 ಸಿಡಿಗಳು. 700 ಎಂಬಿಯ ಒಂದು ಸಿಡಿಗೆ 128 ಕೆಬಿಪಿಎಸ್‌ನಲ್ಲಿ ನೂರೈವತ್ತರ ಹತ್ತಿರ ಹಾಡು ಹಿಡಿಯುತ್ತಿತ್ತು. ಅಂಥ ನೂರು ಸಿಡಿ ಡಿಸ್ಕ್‌ಗೆ ಇಳಿಸಿದವರ ಬಳಿ ಹದಿನೈದು ಸಾವಿರ ಫೈಲ್ ಆಗಲೇ ಆಯಿತು. ಎರಡು ತಲೆಮಾರಿನ ಆಸಕ್ತಿ ಸೇರಿದರೆ ಸಂಗ್ರಹ ಲಕ್ಷದ ಹತ್ತಿರ ಹೋಗುವುದು ದೊಡ್ಡ ಮಾತೇನಲ್ಲ.

ಈ ಲಕ್ಷ ಫೈಲ್‌ಗಳನ್ನು ನುಡಿಸುವ ಕೆಲಸ ಯಾವತ್ತೋ ಸಲೀಸಾಗಿದೆ. ಹದಿನೈದು ವರ್ಷ ಹಳೆಯ ಲ್ಯಾಪ್‌ಟಾಪ್ ಕೂಡ ಫ್ಲ್ಯಾಕ್ (ಧ್ವನಿಯ ಗುಣ ಕಳೆಯದಂತೆ ಕುಗ್ಗಿಸಿದ) ಫೈಲನ್ನು ತಡವರಿಸದೆ ನುಡಿಸುತ್ತದೆ. ಕಷ್ಟ ಇರುವುದು ಬೇಕಾದ್ದನ್ನು ಹುಡುಕುವುದರಲ್ಲಿ, ಜೋಡಿಸುವುದರಲ್ಲಿ, ಜೋಡಿಸಿದ್ದನ್ನು ಉಳಿಸಿಕೊಳ್ಳುವುದರಲ್ಲಿ. ಡೆಸ್ಕ್‌ಟಾಪ್ ಪ್ಲೇಯರ್ ಬರೆಯುವವರು ಈ ಮೂರರಲ್ಲಿ ಮೊದಲನೆಯದರ ಅರ್ಧವನ್ನಷ್ಟೇ, ಅಂದರೆ ವೇಗವನ್ನಷ್ಟೇ, ಗಂಭೀರವಾಗಿ ತೆಗೆದುಕೊಂಡಿದ್ದಾರೆ ಎಂಬುದು ನನ್ನ ಅಭಿಪ್ರಾಯ. ಸಂಗ್ರಹ ಕಟ್ಟಿದವರ ದುಡಿಮೆಯೇ ಅದರ ಜೀವ. ಟ್ಯಾಗ್ (ಫೈಲಿನೊಳಗೇ ಬರೆದಿಡುವ ಹಾಡಿನ ವಿವರ) ತುಂಬಿದ್ದು, ಹೆಸರು ತಿದ್ದಿದ್ದು, ಪ್ಲೇಲಿಸ್ಟ್ ಹೆಣೆದದ್ದು ಎಲ್ಲ ಆ ದುಡಿಮೆ. ಅದನ್ನು ಕಾಯುವಂತೆ ತಂತ್ರಾಂಶವನ್ನು ಕಟ್ಟಬೇಕು.

ನಿಧಾನ ಎಲ್ಲಿಂದ ಬರುತ್ತದೆ

ವೇಗದ ಪ್ರಶ್ನೆಯನ್ನು ಮೊದಲು ಮುಗಿಸೋಣ. ಏಕೆಂದರೆ ಇದಕ್ಕೆ ಉತ್ತರ ಗೊತ್ತಿದೆ, ಮಾಡುವವರು ಬೇಕಷ್ಟೆ.

ಒಂದು ಹಾಡಿನ ಹೆಸರು, ಗಾಯಕರು, ಆಲ್ಬಂ, ವರ್ಷ ಇತ್ಯಾದಿ ಎಲ್ಲ ಸೇರಿಸಿದರೂ ಒಂದು ಕೆಬಿ ಆಗುವುದು ಕಷ್ಟ. ಲಕ್ಷ ಹಾಡಿಗೆ 100 ಎಂಬಿ. ಇವತ್ತಿನ 8 ಜಿಬಿ ಮೆಮೊರಿಯ ಕಂಪ್ಯೂಟರ್‌ಗೆ ಅದು ಲೆಕ್ಕಕ್ಕೇ ಇಲ್ಲ. ಹಾಗಾದರೆ ಪ್ಲೇಯರ್ ತೆರೆದ ಕೂಡಲೇ ಕಿಟಕಿ ಬಿಳಿಚಿಕೊಂಡು ನಿಲ್ಲುವುದೇಕೆ? ಮುಖ್ಯವಾಗಿ ಮೂರು ಕಡೆ ಎಡವಟ್ಟಾಗುತ್ತದೆ.

ಮೊದಲನೆಯದು ಸ್ಕ್ಯಾನ್, ಅಂದರೆ ಫೈಲ್‌ಗಳನ್ನೆಲ್ಲ ಓದಿ ಪಟ್ಟಿ ಮಾಡುವ ಕೆಲಸ. ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗಿ ಓದಲು ಸುಮಾರು 10 ಮಿಲಿಸೆಕೆಂಡ್ ಬೇಕು. ಪ್ರತಿ ಫೈಲಿಗೆ ಎರಡು ಸಲ ಹೋಗಿ ಬಂದರೆ ಲಕ್ಷ ಫೈಲಿಗೆ 2,000 ಸೆಕೆಂಡ್, ಅರ್ಧ ಗಂಟೆ ದಾಟುತ್ತದೆ. ಡಿಸ್ಕ್ ನೆಟ್‌ವರ್ಕ್‌ನ ಆಚೆಗಿದ್ದರೆ ಇನ್ನೂ ಹೆಚ್ಚು. ಹಾಗಾಗಿ ಎರಡನೇ ಸಲದಿಂದ ಫೈಲಿನ ಗಾತ್ರ ಮತ್ತು ಬದಲಾದ ಸಮಯವನ್ನಷ್ಟೇ ನೋಡಿ, ಬದಲಾಗಿದ್ದರೆ ಮಾತ್ರ ತೆರೆಯಬೇಕು. ಈ ಕೆಲಸ ಹಿನ್ನೆಲೆಯಲ್ಲಿ ನಡೆಯಬೇಕು, ಮಧ್ಯೆ ನಿಂತರೆ ನಿಂತಲ್ಲಿಂದಲೇ ಮುಂದುವರಿಯಬೇಕು. ಲಿನಕ್ಸ್‌ನಲ್ಲಿ ಫೋಲ್ಡರ್‌ಗಳ ಮೇಲೆ ಕಣ್ಣಿಡುವ ಸೌಲಭ್ಯಕ್ಕೆ ಬಹುಕಾಲ 8,192ರ ಮಿತಿ ಇತ್ತು. 2021ರಲ್ಲಿ ಬಂದ ಕರ್ನಲ್ (ಲಿನಕ್ಸ್‌ನ ತಿರುಳು) 5.11ರಿಂದ ಅದು ಮೆಮೊರಿಗೆ ತಕ್ಕಂತೆ ಏರುತ್ತದೆ. ಮಿತಿ ಮೀರಿದಾಗ ಪ್ಲೇಯರ್ ಬಳಕೆದಾರರಿಗೆ ತಿಳಿಸಬೇಕು. ಸುಮ್ಮನಿದ್ದರೆ ಹೊಸ ಹಾಡು ಸೇರಿಸಿದವರು ಅದು ಲೈಬ್ರರಿಯಲ್ಲಿ ಯಾಕೆ ಕಾಣುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುತ್ತ ಕೂರುತ್ತಾರೆ.

ಎರಡನೆಯದು ಬರೆಯುವ ರೀತಿ. ಅನೇಕ ಪ್ಲೇಯರ್‌ಗಳು ಎಸ್‌ಕ್ಯೂಲೈಟ್ ಡೇಟಾಬೇಸ್ ಬಳಸುತ್ತವೆ. ಅದರ ತಯಾರಕರೇ ಬರೆದಿರುವಂತೆ ಸಾಧಾರಣ ಕಂಪ್ಯೂಟರಿನಲ್ಲಿ ಸೆಕೆಂಡಿಗೆ 50,000 ಅಥವಾ ಹೆಚ್ಚು ಸಾಲು ಸೇರಿಸಬಹುದು. ಆದರೆ ಪ್ರತಿ ಸಾಲನ್ನೂ ಬೇರೆ ಬೇರೆ ವಹಿವಾಟಾಗಿ, ಅಂದರೆ ಒಂದೊಂದನ್ನೂ ಡಿಸ್ಕ್‌ಗೆ ಮುಟ್ಟಿಸಿ ಖಾತ್ರಿ ಮಾಡಿಕೊಳ್ಳುತ್ತ, ಬರೆದರೆ ತಿರುಗುವ ಡಿಸ್ಕ್‌ನಲ್ಲಿ ಸೆಕೆಂಡಿಗೆ ಕೆಲವು ಡಜನ್ ಮಾತ್ರ. ಸಾವಿರ ಸಾಲುಗಳನ್ನು ಒಟ್ಟಿಗೆ ಕಟ್ಟಿ ಬರೆಯುವ ಪ್ಲೇಯರ್‌ಗೂ ಒಂದೊಂದಾಗಿ ಬರೆಯುವ ಪ್ಲೇಯರ್‌ಗೂ ನಡುವಿನ ಅಂತರ ಇದು. ಲಿನಕ್ಸ್‌ನ ರಿದಮ್‌ಬಾಕ್ಸ್ ಪ್ಲೇಯರ್ ಥರ ಇಡೀ ಲೈಬ್ರರಿಯನ್ನು ಒಂದೇ ಎಕ್ಸ್‌ಎಂಎಲ್ (ಪಠ್ಯ) ಫೈಲಿನಲ್ಲಿಡುವ ಪದ್ಧತಿ ಐದು ಸಾವಿರ ಹಾಡಿಗೆ ಚೆನ್ನ. ಲಕ್ಷಕ್ಕೆ ಹೋದಾಗ ಹಾಡಿನ ರೇಟಿಂಗ್‌ನಲ್ಲಿ ಒಂದು ನಕ್ಷತ್ರ ಬದಲಿಸಿದರೂ ಇಡೀ ಫೈಲನ್ನು ಮತ್ತೆ ಬರೆಯಬೇಕಾಗುತ್ತದೆ.

ಮೂರನೆಯದು ಆಲ್ಬಂ ಚಿತ್ರ. ಇದರ ಲೆಕ್ಕ ನೋಡಿದರೆ ಗಾಬರಿಯಾಗುತ್ತದೆ. ಡಿಸ್ಕ್‌ನಲ್ಲಿ 200 ಕೆಬಿ ಇರುವ 1000×1000 ಪಿಕ್ಸೆಲ್ ಚಿತ್ರ ತೆರೆ ಮೇಲೆ ಬರಲು ಮೆಮೊರಿಯಲ್ಲಿ ಬಿಚ್ಚಿಕೊಂಡಾಗ ಪಿಕ್ಸೆಲ್‌ಗೆ ನಾಲ್ಕು ಬೈಟ್‌ನಂತೆ 4 ಎಂಬಿ ಆಗುತ್ತದೆ. ಐದು ಸಾವಿರ ಆಲ್ಬಂ ಇದ್ದರೆ 20 ಜಿಬಿ. ಪಟ್ಟಿ ಉರುಳಿಸುತ್ತ ಹೋದಂತೆ ಕಂಪ್ಯೂಟರ್ ಏದುಸಿರು ಬಿಡುವುದು ಇದರಿಂದ. ಒಮ್ಮೆ ಮಾತ್ರ ಬಿಚ್ಚಿ, 300 ಪಿಕ್ಸೆಲ್‌ಗೆ ಇಳಿಸಿ, ಆ ಸಣ್ಣ ಪ್ರತಿಯನ್ನು ಡಿಸ್ಕ್‌ನಲ್ಲಿ ಇಟ್ಟುಕೊಂಡರೆ ಪ್ರತಿ ಚಿತ್ರಕ್ಕೆ ಮೆಮೊರಿಯಲ್ಲಿ 360 ಕೆಬಿ ಸಾಕು. ಅದರಲ್ಲೂ ತೆರೆಯ ಮೇಲೆ ಕಾಣುವ ಮೂವತ್ತು–ನಲವತ್ತನ್ನು ಮಾತ್ರ ಮೆಮೊರಿಯಲ್ಲಿಟ್ಟರೆ ಆಯಿತು. ಪಟ್ಟಿಯ ಸಾಲುಗಳಿಗೂ ಇದೇ ನಿಯಮ, ಕಾಣುವಷ್ಟನ್ನೇ ಬಿಡಿಸಬೇಕು.

ಫೂಬಾರ್2000 ಇದನ್ನೆಲ್ಲ ಚೆನ್ನಾಗಿ ಮಾಡುತ್ತದೆ. ವಿನ್ಯಾಂಪ್ ಎಂಬ ಹಳೆಯ ಪ್ಲೇಯರ್‌ಗಾಗಿ ಕೆಲಸ ಮಾಡಿದ್ದ ಪೀಟರ್ ಪಾವ್ಲೋಸ್ಕಿ 2002ರಲ್ಲಿ ಹೊರತಂದ ಈ ಪ್ಲೇಯರ್ ನೋಡಲು ಲೆಕ್ಕದ ಪುಸ್ತಕದ ಹಾಗಿದ್ದರೂ ದೊಡ್ಡ ಸಂಗ್ರಹದವರು ಇಂದಿಗೂ ಅದನ್ನು ಬಿಟ್ಟಿಲ್ಲ. 2023ರ ಎರಡನೇ ಆವೃತ್ತಿಯಲ್ಲಿ ಅದು 64 ಬಿಟ್‌ಗೆ ಬಂತು, ಲೈಬ್ರರಿಯ ಒಳಗಟ್ಟನ್ನೂ ಹೊಸದಾಗಿ ಕಟ್ಟಿಕೊಂಡಿತು.

ಗಾಯಕ, ಆಲ್ಬಂ, ಹಾಡು: ಈ ಮೂರೇ ಸಾಕೇ?

2001ರಲ್ಲಿ ಬಂದ ಐಟ್ಯೂನ್ಸ್ ಒಂದು ಜೋಡಣೆಯನ್ನು ಜನಪ್ರಿಯ ಮಾಡಿತು. ಎಡಗಡೆ ಪ್ರಕಾರ, ಪಕ್ಕದಲ್ಲಿ ಕಲಾವಿದ, ಅದರ ಪಕ್ಕ ಆಲ್ಬಂ, ಕೆಳಗೆ ಹಾಡುಗಳ ಪಟ್ಟಿ. ಅಲ್ಲಿಂದ ಮುಂದೆ ಬಂದ ಪ್ಲೇಯರ್‌ಗಳೆಲ್ಲ ಹೆಚ್ಚುಕಡಿಮೆ ಇದೇ ಅಚ್ಚಿನಲ್ಲಿ ಎರಕ ಹೊಯ್ದವು. ಒಂದು ಬ್ಯಾಂಡ್, ಅದರ ಹತ್ತು ಆಲ್ಬಂ, ಆಲ್ಬಂಗೆ ಹನ್ನೆರಡು ಹಾಡು ಎಂಬ ಪಾಶ್ಚಾತ್ಯ ಪಾಪ್ ಲೋಕಕ್ಕೆ ಇದು ಒಪ್ಪುತ್ತದೆ. ನಮ್ಮ ಸಂಗೀತದ ಎದುರು ಇದು ಮೊದಲ ಹೆಜ್ಜೆಗೇ ಎಡವುತ್ತದೆ.

ಒಂದು ಕನ್ನಡ ಚಿತ್ರಗೀತೆಯನ್ನು ತೆಗೆದುಕೊಳ್ಳಿ. ಅದಕ್ಕೆ ಸಂಗೀತ ನಿರ್ದೇಶಕರಿದ್ದಾರೆ, ಗೀತರಚನೆಕಾರರಿದ್ದಾರೆ, ಒಬ್ಬರೋ ಇಬ್ಬರೋ ಗಾಯಕರಿದ್ದಾರೆ, ಸಿನಿಮಾ ಇದೆ, ತೆರೆಯ ಮೇಲೆ ಹಾಡಿದ ನಟ–ನಟಿ ಇದ್ದಾರೆ. ಕೇಳುಗರು ಇವರಲ್ಲಿ ಯಾರ ಹೆಸರಿನಿಂದ ಬೇಕಾದರೂ ಹುಡುಕುತ್ತಾರೆ. ‘ರಾಜ್‌ಕುಮಾರ್ ಹಾಡು ಹಾಕು’ ಅಂದಾಗ ಅದರಲ್ಲಿ ಪಿ.ಬಿ. ಶ್ರೀನಿವಾಸ್ ಹಾಡಿದ್ದೂ ಸೇರುತ್ತದೆ, 1974ರ ‘ಸಂಪತ್ತಿಗೆ ಸವಾಲ್’ ನಂತರ ರಾಜ್‌ಕುಮಾರ್ ಅವರೇ ಹಾಡಿದ್ದೂ ಸೇರುತ್ತದೆ, ಅವರು ಹಾಡಿದ ಭಕ್ತಿಗೀತೆಗಳೂ ಸೇರುತ್ತವೆ. ಒಂದೇ ಹೆಸರು ಎರಡು ಪಾತ್ರಗಳಲ್ಲಿದೆ. ‘ಕಲಾವಿದ’ ಎಂಬ ಒಂದೇ ಕಾಲಂ ಇರುವ ಪ್ಲೇಯರ್ ಇದನ್ನು ಹಿಡಿದಿಡಲಾರದು. ಎಂಪಿ3 ಸಿಡಿ ತಯಾರಿಸಿದವರು ಆ ಕಾಲಂನಲ್ಲಿ ಒಮ್ಮೆ ಗಾಯಕರನ್ನು ಹಾಕಿದರು, ಒಮ್ಮೆ ನಟನನ್ನು, ಒಮ್ಮೆ ಸಂಗೀತ ನಿರ್ದೇಶಕರನ್ನು. ಇಂಟರ್‌ನೆಟ್‌ನಿಂದ ಇಳಿಸಿದ ಫೈಲ್‌ಗಳಲ್ಲಂತೂ ಅಲ್ಲಿ ಜಾಲತಾಣದ ವಿಳಾಸವೇ ಕೂತಿರುತ್ತದೆ.

ಯುಗಳ ಗೀತೆ ಬಂದರೆ ಇನ್ನೊಂದು ತೊಡಕು. ‘ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ’ ಎಂದು ಅಲ್ಪವಿರಾಮ ಹಾಕಿ ಒಂದೇ ಸಾಲಿನಲ್ಲಿ ಬರೆದರೆ ಹೆಚ್ಚಿನ ಪ್ಲೇಯರ್‌ಗಳು ಅದನ್ನು ಮೂರನೇ ಕಲಾವಿದ ಎಂದು ತಿಳಿಯುತ್ತವೆ. ಜಾನಕಿಯವರ ಹೆಸರು ಒತ್ತಿದರೆ ಅವರು ಒಬ್ಬರೇ ಹಾಡಿದ್ದು ಮಾತ್ರ ಬರುತ್ತದೆ, ಯುಗಳ ಗೀತೆಗಳು ಬೇರೆಲ್ಲೋ ಚದುರಿರುತ್ತವೆ. ಟ್ಯಾಗ್ ವಿನ್ಯಾಸದಲ್ಲಿ ಇದಕ್ಕೆ ಪರಿಹಾರ ಯಾವತ್ತೋ ಬಂದಿದೆ. ಫ್ಲ್ಯಾಕ್ ಮತ್ತು ಆಗ್ (Ogg) ಫೈಲ್‌ಗಳು ಬಳಸುವ ವೋರ್ಬಿಸ್ ಕಾಮೆಂಟ್ ಎಂಬ ಟ್ಯಾಗ್ ಪದ್ಧತಿಯಲ್ಲಿ ಒಂದೇ ಹೆಸರಿನ ಕಾಲಂ ಎಷ್ಟು ಸಲ ಬೇಕಾದರೂ ಬರಬಹುದು. ಎಂಪಿ3 ಫೈಲ್‌ಗಳ ಟ್ಯಾಗ್ ಪದ್ಧತಿಯಾದ ಐಡಿ3ಯ, 2000ದಲ್ಲಿ ಬಂದ ಆವೃತ್ತಿ 2.4ರಲ್ಲೂ ಒಂದಕ್ಕಿಂತ ಹೆಚ್ಚು ಮೌಲ್ಯಕ್ಕೆ ಅವಕಾಶವಿದೆ. ಸಂಯೋಜಕರಿಗೆ, ಗೀತರಚನೆಕಾರರಿಗೆ ಪ್ರತ್ಯೇಕ ಜಾಗವಿದೆ. ನಮ್ಮದೇ ಹೊಸ ಕಾಲಂ ಸೇರಿಸಲೂ ಬರುತ್ತದೆ. ಫೂಬಾರ್2000, ಮ್ಯೂಸಿಕ್‌ಬೀ, ಮೀಡಿಯಾಮಂಕಿ ಇದನ್ನು ಬೇರೆ ಬೇರೆ ಮಟ್ಟದಲ್ಲಿ ಬಳಸಿಕೊಳ್ಳುತ್ತವೆ. ಅನೇಕ ಹೊಸ, ಅಂದವಾದ ಪ್ಲೇಯರ್‌ಗಳು ಹಳೆಯ ಮೂರು ಕಾಲಂಗೇ ಜೋತುಬಿದ್ದಿವೆ.

ಶಾಸ್ತ್ರೀಯ ಸಂಗೀತಕ್ಕೆ ಬಂದರೆ ಕಾಲಂ ಹೆಚ್ಚಿಸಿದರೂ ಸಾಲದು. ಒಂದು ಕೃತಿಯನ್ನು ಮೂವತ್ತು ವಿದ್ವಾಂಸರು ಹಾಡಿರುತ್ತಾರೆ, ಒಬ್ಬರೇ ಹತ್ತು ಕಛೇರಿಗಳಲ್ಲಿ ಹಾಡಿರುತ್ತಾರೆ. ಕೃತಿ ಬೇರೆ, ಅದರ ಒಂದೊಂದು ಗಾಯನ ಬೇರೆ. ಈ ಎರಡನ್ನೂ ಬೇರೆ ಬೇರೆ ವಸ್ತುಗಳಾಗಿ ಡೇಟಾಬೇಸ್‌ನಲ್ಲಿ ಇಟ್ಟು, ನಡುವೆ ಸಂಬಂಧ ಹೆಣೆಯಬೇಕು. ಮುಕ್ತ ಸಂಗೀತ ಕೋಶವಾದ ಮ್ಯೂಸಿಕ್‌ಬ್ರೈನ್ಜ್ ಹಾಗೆಯೇ ಮಾಡಿದೆ. ಬಾರ್ಸಿಲೋನಾದ ಪೊಂಪೆವು ಫಾಬ್ರ ವಿಶ್ವವಿದ್ಯಾಲಯದಲ್ಲಿ ಝೇವಿಯರ್ ಸೆರಾ ನಡೆಸಿದ ಕಾಂಪ್‌ಮ್ಯೂಸಿಕ್ ಯೋಜನೆಯವರು ಕರ್ನಾಟಕ ಮತ್ತು ಹಿಂದೂಸ್ತಾನಿ ಸಂಗೀತದ ಮೇಲೆ ಕೆಲಸ ಮಾಡುವಾಗ ಈ ಕೋಶವನ್ನೇ ಆಧಾರವಾಗಿ ಬಳಸಿದರು. ಇಂದು ಅಲ್ಲಿ ಕೃತಿಗೆ ರಾಗ, ತಾಳ ಸೇರಿಸಬಹುದು. ಎರಡೂ ಪದ್ಧತಿಗಳಿಗೆ ಪ್ರತ್ಯೇಕ ಪಟ್ಟಿಗಳಿವೆ.

ಪ್ರತ್ಯೇಕ ಇರಲೇಬೇಕು. ಕರ್ನಾಟಕ ಪದ್ಧತಿಯ ತೋಡಿ ಹಿಂದೂಸ್ತಾನಿಯ ಭೈರವಿಯ ಸ್ವರಗಳಿಗೆ ಹತ್ತಿರ. ಹಿಂದೂಸ್ತಾನಿಯ ತೋಡಿ ನಮ್ಮ ಶುಭಪಂತುವರಾಳಿಗೆ ಹತ್ತಿರ. ಮೈಸೂರು ಮತ್ತು ಧಾರವಾಡ ಎರಡನ್ನೂ ಒಂದೇ ಡಿಸ್ಕ್‌ನಲ್ಲಿಟ್ಟುಕೊಂಡ ಕನ್ನಡಿಗರ ಲೈಬ್ರರಿಯಲ್ಲಿ ‘ತೋಡಿ’ ಎಂದು ಹುಡುಕಿದರೆ ಎರಡು ಬೇರೆ ರಾಗಗಳು ಒಂದೇ ಪಟ್ಟಿಯಲ್ಲಿ ಬಂದು ಕೂರುತ್ತವೆ. ಪದ್ಧತಿ ಯಾವುದು ಎಂಬ ಕಾಲಂ ಇಲ್ಲದೆ ರಾಗದ ಕಾಲಂಗೆ ಅರ್ಥ ಇಲ್ಲ.

ದಾಸರ ಪದಗಳ ವಿಷಯ ಇನ್ನೂ ಸೂಕ್ಷ್ಮ. ಮುತ್ತುಸ್ವಾಮಿ ದೀಕ್ಷಿತರ ಕೃತಿಯೊಂದರ ರಾಗ ಬಹುಮಟ್ಟಿಗೆ ಕೃತಿಯ ಜತೆಗೇ ಬರುತ್ತದೆ. ಪುರಂದರದಾಸರ ಪದವೊಂದನ್ನು ಒಬ್ಬರು ಒಂದು ರಾಗದಲ್ಲಿ, ಇನ್ನೊಬ್ಬರು ಇನ್ನೊಂದರಲ್ಲಿ, ಮತ್ತೊಬ್ಬರು ರಾಗಮಾಲಿಕೆಯಲ್ಲಿ ಹಾಡುತ್ತಾರೆ. ಮೂಲ ಧಾಟಿಗಳು ಹೆಚ್ಚಾಗಿ ಉಳಿದು ಬಂದಿಲ್ಲ. ಅಂದರೆ ರಾಗ ಇಲ್ಲಿ ಗಾಯನಕ್ಕೆ ಸೇರಿದ್ದು, ಕೃತಿಗಲ್ಲ. ವಚನಕ್ಕೂ ತತ್ವಪದಕ್ಕೂ ಇದೇ ಮಾತು. ಶಿಶುನಾಳ ಶರೀಫರ ಪದಕ್ಕೆ ಸಿ. ಅಶ್ವಥ್ ಕೊಟ್ಟ ಧಾಟಿ ಬೇರೆ, ಹಳ್ಳಿಯ ಭಜನಾ ಮೇಳದ ಧಾಟಿ ಬೇರೆ. ಆದ್ದರಿಂದ ಒಳ್ಳೆಯ ಪ್ಲೇಯರ್ ರಾಗದ ಕಾಲಂ ಅನ್ನು ಎರಡೂ ಕಡೆ ಇಡಬೇಕು. ಗಾಯನದಲ್ಲಿ ಬರೆದಿದ್ದರೆ ಅದು, ಇಲ್ಲದಿದ್ದರೆ ಕೃತಿಯದ್ದು. ಡೇಟಾಬೇಸ್ ಬಲ್ಲವರಿಗೆ ಇದು ಅರ್ಧ ದಿನದ ಕೆಲಸ.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕೇಳುಗರು ಇದೇ ದೂರನ್ನು ವರ್ಷಗಟ್ಟಲೆ ಹೇಳಿದರು. 2016ರಲ್ಲಿ ಐಟ್ಯೂನ್ಸ್‌ಗೆ ‘ಕೃತಿ’ ಮತ್ತು ‘ಭಾಗ’ ಎಂಬ ಕಾಲಂಗಳು ಬಂದವು. 2021ರಲ್ಲಿ ಪ್ರೈಮ್‌ಫೋನಿಕ್ ಕಂಪನಿಯನ್ನು ಕೊಂಡ ಆ್ಯಪಲ್ 2023ರ ಮಾರ್ಚ್‌ನಲ್ಲಿ ಶಾಸ್ತ್ರೀಯ ಸಂಗೀತಕ್ಕೆಂದೇ ಪ್ರತ್ಯೇಕ ಆ್ಯಪ್ ತಂದಿತು. ಬಿಡದೆ ಕೇಳಿದವರಿಗೆ ಸಿಕ್ಕಿತು. ನಮ್ಮ ಬೇಡಿಕೆಯನ್ನು ನಾವು ಇನ್ನೂ ಸರಿಯಾಗಿ ಬರೆದು ಕೊಟ್ಟಿಲ್ಲ.

ಕನ್ನಡ ಅಕ್ಷರ ಕಂಡರೆ ಹುಡುಕಾಟ ಯಾಕೆ ಸೋಲುತ್ತದೆ

ಐಡಿ3ಯ ಮೊದಲ ಆವೃತ್ತಿ 1996ರದ್ದು. ಫೈಲಿನ ಕೊನೆಯಲ್ಲಿ 128 ಬೈಟ್. ಅದರಲ್ಲಿ ಹಾಡಿನ ಹೆಸರಿಗೆ 30 ಬೈಟ್. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು, ಅಂದರೆ ಹತ್ತು ಸಂಕೇತ ಹಿಡಿಯುತ್ತಿತ್ತು. ‘ಕೃಷ್ಣಾ’ ಎಂಬ ಎರಡಕ್ಷರದ ಹೆಸರೇ ಆರು ಸಂಕೇತ ತಿನ್ನುತ್ತದೆ. ಸಂಗೀತ ಪ್ರಕಾರಗಳ ಪಟ್ಟಿಯಲ್ಲಿ 80 ಹೆಸರುಗಳಿದ್ದವು. ಕರ್ನಾಟಕ ಸಂಗೀತವೂ ಇರಲಿಲ್ಲ, ಹಿಂದೂಸ್ತಾನಿಯೂ ಇರಲಿಲ್ಲ. ನಂತರದ ಆವೃತ್ತಿಗಳು ಈ ಮಿತಿಯನ್ನು ತೆಗೆದವು. ಆದರೂ ಹಳೆಯ ಫೈಲ್‌ಗಳಲ್ಲಿ ಎರಡೂ ಟ್ಯಾಗ್ ಇರುತ್ತವೆ. ಹೊಸದನ್ನು ಬಿಟ್ಟು ಹಳೆಯದನ್ನು ಓದುವ ಪ್ಲೇಯರ್‌ನಲ್ಲಿ ಹೆಸರುಗಳು ಮೊಂಡಾಗಿ ಕಾಣುತ್ತವೆ.

ಟ್ಯಾಗ್ ಸರಿಯಾಗಿದ್ದರೂ ಹುಡುಕಾಟದಲ್ಲಿ ಕೈಕೊಡುವ ಒಂದು ಜಾಗವನ್ನು ಹತ್ತಿರದಿಂದ ನೋಡಬೇಕು. ಎಸ್‌ಕ್ಯೂಲೈಟ್‌ನ ಪಠ್ಯ ಹುಡುಕಾಟ ವ್ಯವಸ್ಥೆ ಎಫ್‌ಟಿಎಸ್5. ಅದು ವಾಕ್ಯವನ್ನು ಪದಗಳಾಗಿ ಒಡೆಯಲು ಬಳಸುವ ಯೂನಿಕೋಡ್61 ಎಂಬ ಭಾಗ, ಬೇರೆ ಸೂಚನೆ ಕೊಡದಿದ್ದರೆ, ಅಕ್ಷರ ಮತ್ತು ಅಂಕಿಗಳನ್ನು ಮಾತ್ರ ಪದದ ಭಾಗ ಎಂದು ಎಣಿಸುತ್ತದೆ. ಯೂನಿಕೋಡ್ ಲೆಕ್ಕದಲ್ಲಿ ಕನ್ನಡದ ಸ್ವರಚಿಹ್ನೆ, ಅನುಸ್ವಾರ, ಅರ್ಧಾಕ್ಷರದ ಚಿಹ್ನೆ ಇವೆಲ್ಲ ‘ಅಕ್ಷರ’ ವರ್ಗದಲ್ಲಿಲ್ಲ, ‘ಚಿಹ್ನೆ’ ವರ್ಗದಲ್ಲಿವೆ. ಹಾಗಾಗಿ ಅವು ಬಂದಲ್ಲೆಲ್ಲ ಪದ ತುಂಡಾಗುತ್ತದೆ. ‘ಕನ್ನಡ’ ಎಂಬುದು ‘ಕನ’ ಮತ್ತು ‘ನಡ’ ಎಂದು ಎರಡಾಗುತ್ತದೆ. ‘ರಾಗ’ ಎಂಬುದು ‘ರ’, ‘ಗ’ ಆಗುತ್ತದೆ. ‘ರೋಗ’ ಕೂಡ ‘ರ’, ‘ಗ’. ‘ರಂಗ’ ಕೂಡ ‘ರ’, ‘ಗ’. ದಾಸರ ಪದಗಳ ಸಂಗ್ರಹದಲ್ಲಿ ‘ರಾಗ’ ಎಂದು ಹುಡುಕಿದವರಿಗೆ ರಂಗನ ಮೇಲಿನ ಪದಗಳೆಲ್ಲ ಸಾಲುಗಟ್ಟಿ ಬಂದರೆ ಕಾರಣ ಇದು. ತಿದ್ದುವುದು ಸುಲಭ. ಚಿಹ್ನೆಗಳ ವರ್ಗವನ್ನೂ ಪದದ ಭಾಗವಾಗಿ ಎಣಿಸು ಎಂದು ಒಂದು ಸಾಲಿನ ಸೂಚನೆ ಕೊಟ್ಟರೆ ಸಾಕು. ಆ ಸಾಲು ಬರೆಯದಿರುವುದಕ್ಕೆ ಕಾರಣ ಇಷ್ಟೇ: ಆ ಪ್ಲೇಯರ್‌ಗಳ ಪರೀಕ್ಷಾ ಸಂಗ್ರಹದಲ್ಲಿ ಕನ್ನಡದ ಒಂದು ಫೈಲೂ ಇರುವುದಿಲ್ಲ.

ಕಣ್ಣಿಗೆ ಕಾಣದ ತೊಡಕುಗಳು ಇನ್ನೂ ಎರಡಿವೆ. ‘ಕೋಗಿಲೆ’ಯ ‘ಕೋ’ ಬರೆಯಲು ಯೂನಿಕೋಡ್‌ನಲ್ಲಿ ಎರಡು ದಾರಿ: ‘ಕ’ದ ಮುಂದೆ ಒಂದೇ ಸ್ವರಚಿಹ್ನೆ, ಇಲ್ಲವೇ ಅದನ್ನೇ ಮೂರು ತುಂಡಾಗಿ ಬಿಡಿಸಿದ ರೂಪ. ನೋಡಲು ಎರಡೂ ಒಂದೇ. ಹಳೆಯ ಮ್ಯಾಕ್ ಡಿಸ್ಕ್‌ಗಳು ಫೈಲ್ ಹೆಸರನ್ನು ಬಿಡಿಸಿದ ರೂಪದಲ್ಲಿ ಇಡುತ್ತಿದ್ದವು. ಕೀಲಿಮಣೆಯಿಂದ ನಾವು ಟೈಪಿಸುವುದು ಸಾಮಾನ್ಯವಾಗಿ ಒಂದೇ ಚಿಹ್ನೆಯ ರೂಪ. ಮ್ಯಾಕ್‌ನಿಂದ ಬಂದ ಫೋಲ್ಡರ್‌ನಲ್ಲಿ ಹುಡುಕಿದರೆ ಕಣ್ಣೆದುರೇ ಇರುವ ಹಾಡು ‘ಇಲ್ಲ’ ಎಂದು ಬರುತ್ತದೆ. ಇನ್ನೊಂದು, ‘ರಾಜ್‌ಕುಮಾರ್’ ಎಂಬಲ್ಲಿ ‘ಜ್’ ಮತ್ತು ‘ಕು’ ಒತ್ತಕ್ಷರವಾಗದಂತೆ ತಡೆಯುವ ಅದೃಶ್ಯ ಸಂಕೇತ. ಕೆಲವರು ಅದನ್ನು ಹಾಕುತ್ತಾರೆ, ಕೆಲವರು ಖಾಲಿ ಜಾಗ ಬಿಡುತ್ತಾರೆ, ಕೆಲವರು ‘ರಾಜಕುಮಾರ್’ ಎಂದೇ ಬರೆಯುತ್ತಾರೆ. ಹುಡುಕಾಟಕ್ಕೆ ಮುಂಚೆ ಎರಡೂ ಕಡೆಯ ಪಠ್ಯವನ್ನು ಒಂದೇ ರೂಪಕ್ಕೆ ತಂದು, ಅದೃಶ್ಯ ಸಂಕೇತಗಳನ್ನು ಕಳೆದು ಹೋಲಿಸಿದರೆ ಇವು ಬಹುಪಾಲು ಬಗೆಹರಿಯುತ್ತವೆ. ತೋರಿಸುವ ಹೆಸರನ್ನು ಮಾತ್ರ ಮುಟ್ಟಬಾರದು. ಹುಡುಕಾಟದ ಕೀಲಿ ಬೇರೆಯೇ ಇರಲಿ.

ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ ಹೆಸರುಗಳದ್ದು ಇದಕ್ಕಿಂತ ದೊಡ್ಡ ಪಾಡು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಹೆಸರು ಸಿಡಿಗಳಲ್ಲಿ ಎಷ್ಟು ಬಗೆಯ ಕಾಗುಣಿತದಲ್ಲಿದೆ ಎಂದು ಸಂಗ್ರಹ ಇಟ್ಟವರಿಗೆಲ್ಲ ಗೊತ್ತು. ಚುಕ್ಕೆ ಇಟ್ಟದ್ದು, ಇಡದ್ದು, ಮೂರೇ ಅಕ್ಷರದ್ದು, ಕನ್ನಡದಲ್ಲಿ ಬರೆದದ್ದು. ಮ್ಯೂಸಿಕ್‌ಬ್ರೈನ್ಜ್‌ನಲ್ಲಿ ಒಬ್ಬ ಕಲಾವಿದರಿಗೆ ಒಂದೇ ಗುರುತು ಸಂಖ್ಯೆ, ಅದರ ಕೆಳಗೆ ಎಷ್ಟು ಬೇಕಾದರೂ ಪರ್ಯಾಯ ಹೆಸರು. ಪ್ಲೇಯರ್‌ನ ಒಳಗೇ ಈ ಸೌಲಭ್ಯ ಇರಬೇಕು. ಎರಡು ಹೆಸರನ್ನು ಆರಿಸಿ ‘ಇವರಿಬ್ಬರೂ ಒಬ್ಬರೇ’ ಎಂದು ಒಮ್ಮೆ ಹೇಳಿದರೆ ಮುಗಿಯಬೇಕು. ಮೂರು ಸಾವಿರ ಫೈಲ್‌ಗಳ ಟ್ಯಾಗ್ ತಿದ್ದುವ ಕೆಲಸ ಬೀಳಬಾರದು. ಡೆಸ್ಕ್‌ಟಾಪ್ ಪ್ಲೇಯರ್‌ಗಳಿಗೆ ಒಂದೇ ಒಂದು ಹೊಸ ಸೌಲಭ್ಯ ಸೇರಿಸಲು ಅವಕಾಶ ಕೊಟ್ಟರೆ ನಾನು ಇದನ್ನೇ ಕೇಳುತ್ತೇನೆ.

ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್ ಪೂರ್ವದ ಫಾಂಟ್‌ಗಳಲ್ಲಿ ಹಾಡಿನ ಪಟ್ಟಿ ಮಾಡಿಟ್ಟವರೂ ಇದ್ದಾರೆ. ಆ ಪಠ್ಯವನ್ನು ನೇರ ಟ್ಯಾಗ್‌ಗೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಮೊದಲು ಯೂನಿಕೋಡ್‌ಗೆ ಬದಲಿಸಿಕೊಂಡೇ ಮುಂದುವರಿಯಬೇಕು.

ಫೋಲ್ಡರ್ ಬದಲಾದರೆ ನೆನಪೂ ಹೋಗಬೇಕೇ

ಹೆಚ್ಚಿನ ಪ್ಲೇಯರ್‌ಗಳಿಗೆ ಹಾಡಿನ ಗುರುತು ಎಂದರೆ ಫೈಲ್ ಇರುವ ಜಾಗ. ಡಿಸ್ಕ್‌ನ ಡ್ರೈವ್ ಅಕ್ಷರ ಬದಲಾಯಿತು, ಫೋಲ್ಡರ್ ಹೆಸರು ತಿದ್ದಿದಿರಿ, ಹೊಸ ಕಂಪ್ಯೂಟರ್ ಕೊಂಡಿರಿ ಅಂದರೆ ಅದರ ಕಣ್ಣಿಗೆ ಹಳೆಯ ಲಕ್ಷ ಹಾಡು ಸತ್ತವು, ಹೊಸ ಲಕ್ಷ ಹಾಡು ಹುಟ್ಟಿದವು. ರೇಟಿಂಗ್, ಎಷ್ಟು ಸಲ ಕೇಳಿದ್ದು, ಯಾವಾಗ ಸೇರಿಸಿದ್ದು ಎಲ್ಲ ಶೂನ್ಯ. ಹತ್ತು ವರ್ಷದ ಕೇಳ್ಮೆಯ ದಾಖಲೆ ಹೀಗೆ ಹೋಗುವುದು ನನಗೆ ಸಹಿಸಲಾಗದ ವಿಷಯ, ಯಾಕೆಂದರೆ ಹಾಡನ್ನು ಮತ್ತೆ ಎಲ್ಲಿಂದಾದರೂ ತರಬಹುದು, ಇದನ್ನು ತರಲಾಗುವುದಿಲ್ಲ.

ದಾರಿ ಇದೆ. ಧ್ವನಿಯ ಭಾಗಕ್ಕೆ ಮಾತ್ರ, ಟ್ಯಾಗ್ ಬಿಟ್ಟು, ಒಂದು ಲೆಕ್ಕದ ಮೊಹರು (ಚೆಕ್‌ಸಮ್) ತೆಗೆದು ಇಟ್ಟುಕೊಳ್ಳಬಹುದು. ಫೈಲ್ ಎಲ್ಲಿಗೆ ಹೋದರೂ, ಟ್ಯಾಗ್ ಬದಲಾದರೂ ಆ ಮೊಹರು ಬದಲಾಗುವುದಿಲ್ಲ. ಅದರ ಮೇಲೆ ಅಕೌಸ್ಟ್‌ಐಡಿಯಂಥ ಧ್ವನಿ ಬೆರಳಚ್ಚು. ಇದು ಸಾಮಾನ್ಯವಾಗಿ ಮೊದಲ 120 ಸೆಕೆಂಡ್ ಆಲಿಸಿ ತೆಗೆಯುವ ಗುರುತು. 128 ಕೆಬಿಪಿಎಸ್ ಎಂಪಿ3 ಮತ್ತು ಫ್ಲ್ಯಾಕ್ ಪ್ರತಿ ಎರಡೂ ಒಂದೇ ಹಾಡು ಎಂದು ಅದು ಕಂಡುಹಿಡಿಯಬಲ್ಲದು. ಒಂದೇ ಹಾಡಿನ ಆರು ಪ್ರತಿಗಳು ಆರು ಸಿಡಿಗಳಿಂದ ಬಂದಿರುವ ಸಂಗ್ರಹಕ್ಕೆ ಇದು ವರವೇ ಸರಿ. ಆದರೆ ಅಳಿಸುವ ನಿರ್ಧಾರ ಪ್ಲೇಯರ್ ಕೈಗೆ ಕೊಡಬಾರದು. ಕ್ಯಾಸೆಟ್‌ನಿಂದ ಇಳಿಸಿದ ಗರಗರ ಪ್ರತಿಯಲ್ಲಿ ಸಿಡಿಯಲ್ಲಿಲ್ಲದ ಒಂದು ಚರಣ ಇರಬಹುದು.

ರೇಟಿಂಗ್ ಎಲ್ಲಿ ಬರೆಯಬೇಕು ಎಂಬುದರಲ್ಲೂ ಒಮ್ಮತವಿಲ್ಲ. ಐಡಿ3ಯಲ್ಲಿ ಅದು 0ಯಿಂದ 255ರವರೆಗಿನ ಸಂಖ್ಯೆ. ವಿಂಡೋಸ್ ಮೀಡಿಯಾ ಪ್ಲೇಯರ್ ಒಂದರಿಂದ ಐದು ನಕ್ಷತ್ರಕ್ಕೆ 1, 64, 128, 196, 255 ಎಂದು ಬರೆಯುತ್ತದೆ. ಬೇರೆಯವು ಬೇರೆ ಸಂಖ್ಯೆ. ಫ್ಲ್ಯಾಕ್‌ನಲ್ಲಿ ಕೆಲವು ಐದರ ಲೆಕ್ಕ, ಕೆಲವು ನೂರರ ಲೆಕ್ಕ. ಒಂದರಲ್ಲಿ ನಾಲ್ಕು ನಕ್ಷತ್ರ ಕೊಟ್ಟದ್ದು ಇನ್ನೊಂದರಲ್ಲಿ ಮೂರಾಗುತ್ತದೆ. ಪ್ಲೇಲಿಸ್ಟ್ ಕಥೆಯೂ ಹಾಗೇ. ಪ್ಲೇಲಿಸ್ಟ್ ಇಡುವ ಹಳೆಯ ಎಂ3ಯು ಫೈಲನ್ನು ಯೂನಿಕೋಡ್ ಅಲ್ಲದ ರೂಪದಲ್ಲಿ ಉಳಿಸಿದರೆ ಕನ್ನಡದ ಫೈಲ್ ಹೆಸರುಗಳು ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಉಳಿಯುತ್ತವೆ. ಆ ಪ್ಲೇಲಿಸ್ಟ್ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಅದರ ಯೂನಿಕೋಡ್ ರೂಪವಾದ ಎಂ3ಯು8 ಬಳಸಿದರೆ ಈ ತೊಂದರೆ ಇಲ್ಲ.

ಪ್ಲೇಯರ್‌ಗಳಿಗೂ ಆಯಸ್ಸಿದೆ ಎಂಬುದನ್ನು ಮರೆಯಬಾರದು. ವಿನ್ಯಾಂಪ್ 1997ರಲ್ಲಿ ಬಂತು, 2013ರಲ್ಲಿ ಮುಚ್ಚುವ ಘೋಷಣೆಯಾಯಿತು, ಮರುವರ್ಷ ಕೈ ಬದಲಾಯಿತು. ಸಾಂಗ್‌ಬರ್ಡ್ 2013ರಲ್ಲಿ ನಿಂತಿತು. ಮ್ಯಾಕ್‌ನಲ್ಲಿ ಐಟ್ಯೂನ್ಸ್ 2019ರಲ್ಲಿ ಮೂರು ಆ್ಯಪ್‌ಗಳಾಗಿ ಒಡೆಯಿತು. ಲಿನಕ್ಸ್‌ನ ಅಮರೋಕ್ 2008ರ ಕೊನೆಗೆ 2.0 ಆವೃತ್ತಿಯಲ್ಲಿ ಮುಖಚರ್ಯೆಯನ್ನೇ ಬದಲಿಸಿದಾಗ ಹಳೆಯ 1.4ಕ್ಕೆ ಒಗ್ಗಿದ್ದ ದೊಡ್ಡ ಸಂಗ್ರಹದವರು ಒಪ್ಪಲಿಲ್ಲ. ಆ ಅಸಮಾಧಾನದಲ್ಲಿ 2010ರಲ್ಲಿ ಕ್ಲೆಮೆಂಟೈನ್ ಹುಟ್ಟಿತು, ಅದು ಮಂದವಾದಾಗ 2018ರಲ್ಲಿ ಸ್ಟ್ರಾಬೆರಿ ಟಿಸಿಲೊಡೆಯಿತು. ಮೂಲದ ಅಮರೋಕ್ ಕೂಡ 2024ರ ಏಪ್ರಿಲ್‌ನಲ್ಲಿ 3.0 ಆಗಿ ಮರಳಿ ಬಂತು. ಈ ವಂಶವೃಕ್ಷ ಸಾಧ್ಯವಾದದ್ದು ಮೂಲ ಸಂಕೇತ (ಸೋರ್ಸ್ ಕೋಡ್) ಮುಕ್ತವಾಗಿದ್ದರಿಂದ. ನಮ್ಮ ಬೇಡಿಕೆಗಳಿಗೂ ಸ್ಟ್ರಾಬೆರಿ, ಅಮರೋಕ್‌ನಂಥ ಮುಕ್ತ ತಂತ್ರಾಂಶಗಳೇ ಸರಿಯಾದ ಜಾಗ ಎಂದು ನನಗನಿಸುತ್ತದೆ. ಬೆಂಗಳೂರಿನಲ್ಲಿ ಇಂಥ ಕೋಡ್ ಬರೆಯಬಲ್ಲವರಿಗೆ ಬರವಿಲ್ಲ. ತೋಡಿ ಯಾವುದು, ಶುಭಪಂತುವರಾಳಿ ಯಾವುದು ಎಂದು ತಿಳಿದವರು ಅವರ ಪಕ್ಕ ಕೂತು, ಹಕ್ಕುಸ್ವಾಮ್ಯದ ತಕರಾರಿಲ್ಲದ ಇನ್ನೂರು ಮೌನ ಫೈಲ್‌ಗಳಿಗೆ ಕನ್ನಡದ ನಿಜವಾದ ಟ್ಯಾಗ್ ಬರೆದು ಒಂದು ಪರೀಕ್ಷಾ ಸಂಗ್ರಹ ಮಾಡಿಕೊಟ್ಟರೂ ದೊಡ್ಡ ಉಪಕಾರ. ಯುಗಳ ಗೀತೆ, ಬಿಡಿಸಿದ ‘ಕೋ’, ಅದೃಶ್ಯ ಸಂಕೇತದ ‘ರಾಜ್‌ಕುಮಾರ್’, ನಾಲ್ಕು ಗಂಟೆಯ ತಾಳಮದ್ದಳೆ, ಎರಡು ಪದ್ಧತಿಯ ತೋಡಿ ಎಲ್ಲ ಅದರಲ್ಲಿರಲಿ. ಆ ಫೈಲ್‌ಗಳ ಮೇಲೆ ಪ್ರತಿ ಹೊಸ ಆವೃತ್ತಿಯನ್ನೂ ತಾನಾಗಿ ಪರೀಕ್ಷಿಸುವಂತೆ ಮಾಡಬಹುದು.

ಅಷ್ಟರವರೆಗೆ ಸಂಗ್ರಹ ಇಟ್ಟವರು ಮಾಡಬಹುದಾದ ಕೆಲಸ ಟ್ಯಾಗ್‌ನಲ್ಲಿದೆ. ಟ್ಯಾಗ್ ತಿದ್ದಲು ಮ್ಯೂಸಿಕ್‌ಬ್ರೈನ್ಜ್‌ನವರ ಪಿಕಾರ್ಡ್ ತಂತ್ರಾಂಶ ಉಚಿತ. ಅದರಲ್ಲಾಗಲಿ ನಿಮ್ಮ ಪ್ಲೇಯರ್‌ನಲ್ಲಾಗಲಿ ಗಾಯಕರನ್ನು ಕಲಾವಿದರ ಕಾಲಂನಲ್ಲಿ ಒಬ್ಬೊಬ್ಬರನ್ನಾಗಿ, ಸಂಗೀತ ನಿರ್ದೇಶಕರನ್ನು ಸಂಯೋಜಕರ ಕಾಲಂನಲ್ಲಿ, ಸಾಹಿತ್ಯ ಬರೆದವರನ್ನು ಗೀತರಚನೆಯ ಕಾಲಂನಲ್ಲಿ, ಸಿನಿಮಾ ಹೆಸರನ್ನು ಆಲ್ಬಂನಲ್ಲಿ ಹಾಕಿ. ರಾಗ, ತಾಳ, ಪದ್ಧತಿ, ತೆರೆಯ ಮೇಲಿನ ನಟರಿಗೆ ಸ್ವಂತ ಕಾಲಂ ಮಾಡಿಕೊಳ್ಳಿ, ಆ ಕಾಲಂಗಳ ಹೆಸರನ್ನು ಇಡೀ ಸಂಗ್ರಹದಲ್ಲಿ ಒಂದೇ ಥರ ಬರೆಯಿರಿ. ಐಡಿ3ಯ ಮೊದಲ ಆವೃತ್ತಿಯ ನಂತರದ ಟ್ಯಾಗ್ ಫೈಲಿನ ಆರಂಭದಲ್ಲಿರುವುದರಿಂದ ಜಾಗ ಸಾಲದಿದ್ದರೆ ಇಡೀ ಫೈಲನ್ನೇ ಹೊಸದಾಗಿ ಬರೆಯಬೇಕಾಗುತ್ತದೆ. ನಡುವೆ ಕರೆಂಟ್ ಹೋದರೆ ಫೈಲ್ ಕೆಡಬಹುದು. ಹಾಗಾಗಿ ಒಂದೇ ಸಲಕ್ಕೆ ಸಾವಿರಾರು ಫೈಲ್ ತಿದ್ದುವ ಮುಂಚೆ ಬೇರೆ ಡಿಸ್ಕ್‌ಗೆ ಒಂದು ಪ್ರತಿ ತೆಗೆದಿಡಿ.